ಗುಡ್ಡೆಯೊಳಗಿನ ನೀರು

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಸಾವಿರ ಚದರಡಿಯ ಮಾಡಿನ ಮೇಲೆ ಬೀಳುವುದೇ ಮೂರು ಲಕ್ಷ ಲೀಟರಿಗೂ ಮಿಕ್ಕಿ! ಕೇರಳದ 44 ಹೊಳೆಗಳಲ್ಲಿ 12 ಈ ಪುಟ್ಟ ಜಿಲ್ಲೆಯವು. ಆದರೂ ಮಾರ್ಚ್ ಬಂತೆಂದರೆ ಕೆಲವು ಕಡೆ ಟ್ಯಾಂಕರಿನ ದಾರಿ ಕಾಯಬೇಕು.

ಅರಬ್ಬಿ ಸಮುದ್ರದಿಂದ ಆವಿಯಾಗಿ ಎದ್ದ ನೀರು ಮುಂಗಾರು ಗಾಳಿಯ ಜೊತೆ ಬಂದು, ಘಟ್ಟಕ್ಕೆ ತಾಗಿ ಮೇಲೇರಿ, ತಣಿದು ಮಳೆಯಾಗುವುದನ್ನು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಕೆಳಗೆ ಬಿದ್ದ ಮೇಲೆ ಅದಕ್ಕೆ ಏನಾಗುತ್ತದೆಂಬುದು ನಮ್ಮ ಕೈಯಲ್ಲಿದೆ. ಘಟ್ಟಕ್ಕೂ ಕಡಲಿಗೂ ಇಲ್ಲಿ ದೂರ ಕಡಿಮೆ, ಇಳಿಜಾರು ಜಾಸ್ತಿ. ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಇಳಿದ ನೀರು ಬೇಗನೆ ಸಮುದ್ರ ಸೇರುತ್ತದೆ. ಬೇಸಿಗೆಗೆ ಒದಗುವುದು ಗುಡ್ಡೆಯೊಳಗೆ ಇಂಗಿದ ನೀರು.

ನಮ್ಮ ಗುಡ್ಡೆಗಳು ಮುರಕಲ್ಲಿನವು, ಅಂದರೆ ಜಂಬಿಟ್ಟಿಗೆಯವು. ಅದರ ತೂತುಗಳಲ್ಲಿ ಮಳೆನೀರು ಇಳಿದು, ಅಡಿಯ ಜೇಡಿಮಣ್ಣಿನ ಮೇಲೆ ಮೆಲ್ಲಗೆ ಹರಿಯುತ್ತದೆ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಹಿರಿಯರು ಇದನ್ನರಿತು ಗುಡ್ಡೆಗೆ ಅಡ್ಡಲಾಗಿ ಸುರಂಗ ಕೊರೆದರು. ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲ, ಕೈಯಲ್ಲಿ ಪಿಕ್ಕಾಸು, ಪಕ್ಕದಲ್ಲಿ ದೀಪ. ದೀಪ ಮಂಕಾದರೆ ಗಾಳಿ ಸಾಲದೆಂದು ಹೊರಗೆ ಬರಬೇಕು. ಒಸರುವ ನೀರು ಸಿಕ್ಕಿತೋ, ಪಂಪೂ ಬೇಡ, ಕರೆಂಟೂ ಬೇಡ. ನೀರು ತಾನೇ ಹರಿದು ಅಂಗಳದ ಟ್ಯಾಂಕಿಗೆ ಬರುತ್ತದೆ. ಗುಡ್ಡೆ ಕೊಟ್ಟಷ್ಟೇ ಸಿಗುವುದು, ಅದಕ್ಕಿಂತ ಹೆಚ್ಚು ಎಳೆಯುವ ದಾರಿಯೇ ಇಲ್ಲ. ಬೋರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ಬೋರನ್ನು ನಾನು ಬೈಯುತ್ತಿಲ್ಲ, ತೋಟ ಒಣಗುವಾಗ ಬೇರೆ ಉಪಾಯ ತೋಚುವುದಿಲ್ಲ. ಆದರೆ ಗುಡ್ಡೆಯ ಮೇಲಿನ ಬಯಲನ್ನು ಕಲ್ಲುಕೋರೆಗೆ ಕೊಟ್ಟು, ಕೆಳಗಿನ ಬಾವಿ ಯಾಕೆ ಬತ್ತಿತೆಂದು ಕೇಳುವುದು ನ್ಯಾಯವಲ್ಲ.

ಇನ್ನು ಕಟ್ಟದ, ಅಂದರೆ ನೀರು ನಿಲ್ಲಿಸಿ ಇಂಗಿಸಲು ತೋಡಿಗೆ ಅಡ್ಡಲಾಗಿ ಹಾಕುವ ತಾತ್ಕಾಲಿಕ ಒಡ್ಡಿನ ವಿಷಯ. ನಮ್ಮ ಜಿಲ್ಲೆಯ ಏತಡ್ಕದ ತೋಡಿನ ಕಟ್ಟಗಳ ಬಗ್ಗೆ ನೀವು ಕೇಳಿರಬಹುದು. ಮಳೆ ಪೂರ್ತಿ ಬಿಟ್ಟು, ತೋಡಿನ ಹರಿವು ಸಣ್ಣದಾದ ಮೇಲೆಯೇ ಕಟ್ಟ ಹಾಕಬೇಕು. ಅವಸರ ಮಾಡಿದರೆ ಒಂದು ಹಿಂಗಾರು ಮಳೆ ಸಾಕು, ಕಲ್ಲುಮಣ್ಣೆಲ್ಲ ನೀರುಪಾಲು. ತಡವಾದರೆ ತಡೆಯಲು ನೀರೇ ಇರುವುದಿಲ್ಲ. ಈಗ ಆಳು ಸಿಗುವುದು ಕಷ್ಟ. ಹಾಗಾಗಿ ಮರಳು ಚೀಲ, ಪ್ಲಾಸ್ಟಿಕ್ ಶೀಟು ಬಂದಿವೆ. ನಡೆಯಲಿ. ತೊಡಕಿರುವುದು ಲೆಕ್ಕಾಚಾರದಲ್ಲಿ: ಕಟ್ಟ ನನ್ನ ಜಾಗದಲ್ಲಿ, ಬಾವಿಯ ನೀರು ಏರುವುದು ನೆರೆಮನೆಯಲ್ಲಿ. ಒಬ್ಬನೇ ಯಾಕೆ ಖರ್ಚು ಹಾಕಬೇಕು? ಒಂದೇ ತೋಡಿನ ಮನೆಗಳವರು ಸೇರಿ, ಮೇಲಿಂದ ಕೆಳಗಿನವರೆಗೆ ಸಾಲಾಗಿ ಕಟ್ಟ ಹಾಕಿ ಖರ್ಚು ಹಂಚಿಕೊಂಡರೆ ಆ ಜಗಳ ಇರುವುದಿಲ್ಲ. ನವೆಂಬರಿನಲ್ಲೇ ಕೂತು ಮಾತಾಡಿಕೊಳ್ಳಿ.