ಕಿತ್ತೂರಿನ ಕೈದಿ, ಉಪ್ಪುನೀರಿನ ಬೀಜ, ಮೆಂಡೆಲ್‌ನ ಜೇನು

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡಬೇಕಿರುವುದು ಹಳೇ ಕಾಗದಗಳ ಬಗ್ಗೆ. ಕಾಗದ ಅಂದರೆ ಅಜ್ಜಿಯಂದಿರು "ಮಗನ ಕಾಗದ ಬಂತಾ" ಅಂತ ಕೇಳುತ್ತಿದ್ದರಲ್ಲ, ಆ ಕಾಗದ. ಹತ್ತೊಂಬತ್ತನೇ ಶತಮಾನದ ವಿಜ್ಞಾನಿಗಳು ಒಬ್ಬರಿಗೊಬ್ಬರು ಬರೆದದ್ದು. ಆದರೆ ಶುರು ಮಾಡುವುದು ಕಿತ್ತೂರಿನಿಂದ.

ಚೆನ್ನಮ್ಮನ ಕತೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 1824ರ ಅಕ್ಟೋಬರ್‌ನಲ್ಲಿ ಕೋಟೆ ಮುಂದೆ ಥ್ಯಾಕರೆ ಸತ್ತ. ಅವನ ಸಹಾಯಕರು ಇಬ್ಬರು ಸೆರೆ ಸಿಕ್ಕರು, ಸ್ಟೀವನ್ಸನ್ ಮತ್ತು ಎಲಿಯಟ್. ಪರೀಕ್ಷೆಗೆ ಅಂತ ಹೆಸರು ಬಾಯಿಪಾಠ ಮಾಡಿ, ಅಲ್ಲಿಗೇ ಬಿಟ್ಟೆವು. ಆಮೇಲೆ ಆ ಎಲಿಯಟ್ ಏನಾದ ಅಂತ ಯಾರೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ.

ವಾಲ್ಟರ್ ಎಲಿಯಟ್‌ಗೆ ಆಗ 21 ವರ್ಷ ವಯಸ್ಸು. ಬಿಡುಗಡೆಯಾಗಿ ಬಂದ ಮೇಲೂ ಧಾರವಾಡದ ಸೀಮೆಯಲ್ಲೇ ವರ್ಷಗಟ್ಟಲೆ ಇದ್ದ. ಊರೂರು ತಿರುಗಿ ಶಾಸನಗಳ ಪ್ರತಿ ಮಾಡಿಸಿದ, 500ಕ್ಕೂ ಹೆಚ್ಚು. ಹಕ್ಕಿ, ಪ್ರಾಣಿ, ನಾಣ್ಯ, ಎಲ್ಲದರ ಹುಚ್ಚೂ ಇತ್ತು. 1856ರಲ್ಲಿ ಅವನು ಮದ್ರಾಸಿನಲ್ಲಿ ದೊಡ್ಡ ಅಧಿಕಾರಿ. ಆಗ ಇಂಗ್ಲೆಂಡಿನಿಂದ ಅವನಿಗೊಂದು ಕಾಗದ ಬಂತು. ಬರೆದವನು ಚಾರ್ಲ್ಸ್ ಡಾರ್ವಿನ್. ಕೇಳಿದ್ದು ಏನು ಗೊತ್ತಾ? ನಿಮ್ಮ ಕಡೆ ಜನ ಸಾಕುವ ಪಾರಿವಾಳದ ತೊಗಲು ಕಳಿಸಿಕೊಡಿ ಅಂತ!

ಎಲಿಯಟ್ ಕಳಿಸಿದ. ಜೀವಜಾತಿಗಳು ಬದಲಾಗುತ್ತವೆ ಅಂತ ವಾದಿಸುವ ಡಾರ್ವಿನ್ ಪುಸ್ತಕ, 1859ರಲ್ಲಿ ಬಂದ 'ಆರಿಜಿನ್ ಆಫ್ ಸ್ಪೀಶೀಸ್' ತೆಗೆದು ನೋಡಿ, ಮೊದಲನೇ ಅಧ್ಯಾಯದಲ್ಲಿ ಪಾರಿವಾಳದ ಮಾತು ಬರುವ ಕಡೆ ಎಲಿಯಟ್ ಹೆಸರಿದೆ. ಕಿತ್ತೂರಿನ ಕೈದಿ ಜಗತ್ತನ್ನೇ ಅಲ್ಲಾಡಿಸಿದ ಪುಸ್ತಕದೊಳಗೆ ಕೂತಿದ್ದಾನೆ, ನಮಗೇ ಗೊತ್ತಿಲ್ಲ.

ಡಾರ್ವಿನ್ ಹೀಗೆ ಬರೆದ ಮತ್ತು ಅವನಿಗೆ ಬಂದ ಕಾಗದಗಳಲ್ಲಿ ಸುಮಾರು 15,000 ಇವತ್ತಿಗೂ ಉಳಿದಿವೆ. ಸುಮಾರು 2,000 ಜನರ ಜೊತೆ ವ್ಯವಹಾರ. ಹಡಗಿನಲ್ಲಿ ಲೋಕ ಸುತ್ತಿ 1836ರಲ್ಲಿ ವಾಪಸ್ ಬಂದವನು ಮತ್ತೆ ದೇಶ ಬಿಟ್ಟು ಹೋಗಲೇ ಇಲ್ಲ. ಯಾವಾಗ ನೋಡಿದರೂ ಹೊಟ್ಟೆ ಸರಿಯಿಲ್ಲ, ವಾಂತಿ, ಸುಸ್ತು. ಲಂಡನ್ ಹತ್ತಿರದ ಡೌನ್ ಅನ್ನುವ ಹಳ್ಳಿಯಲ್ಲಿ ಕೂತು, ಅಂಚೆಯಿಂದಲೇ ಪ್ರಪಂಚವನ್ನು ಮನೆಗೆ ತರಿಸಿಕೊಂಡ. ತೋಟದ ಮಾಲಿ, ನಾಯಿ ಸಾಕುವವರು, ಪಾದ್ರಿಗಳು, ಪಾರಿವಾಳದ ಶೋಕಿಯವರು, ಯಾರನ್ನೂ ಬಿಡಲಿಲ್ಲ. ಶುರುವಿನಲ್ಲಿ "ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ" ಅನ್ನುವ ಧಾಟಿ, ನಡುವೆ ಪ್ರಶ್ನೆ ಮೇಲೆ ಪ್ರಶ್ನೆ, ಕೊನೆಗೆ ಮತ್ತೆ ಕ್ಷಮೆ. ಬಂದ ಉತ್ತರದಲ್ಲಿ ಬೇಕಾದ ಭಾಗವನ್ನು ಕತ್ತರಿಯಿಂದ ಕತ್ತರಿಸಿ ವಿಷಯವಾರು ಫೈಲಿಗೆ ಹಾಕುತ್ತಿದ್ದ. ಹಾಗಾಗಿ ಕೆಲವು ಕಾಗದಗಳು ಇವತ್ತು ಚೂರುಚೂರಾಗಿ ಸಿಗುತ್ತವೆ. ಇತಿಹಾಸಕಾರರು ತಲೆ ಚಚ್ಚಿಕೊಳ್ಳಬೇಕು, ಅಲ್ವಾ?

ಇದೆಲ್ಲ ಆಗಿದ್ದು ಅಂಚೆ ಅಗ್ಗವಾದ್ದರಿಂದ. 1840ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಕಾಗದದ ಖರ್ಚು ಸಾಮಾನ್ಯವಾಗಿ ತೆಗೆದುಕೊಂಡವರ ತಲೆಗೆ. ಹಿರಿಯರಿಗೆ ಬೇರಿಂಗ್ ಕಾಗದ ನೆನಪಿರಬೇಕು, ಸ್ಟಾಂಪ್ ಇಲ್ಲದೆ ಬಂದು, ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಿದ್ದದ್ದು. ಹೆಚ್ಚುಕಮ್ಮಿ ಎಲ್ಲ ಕಾಗದವೂ ಬೇರಿಂಗೇ ಅಂದುಕೊಳ್ಳಿ. ದೂರ ಜಾಸ್ತಿಯಾದರೆ ದರ ಜಾಸ್ತಿ, ಹಾಳೆ ಎರಡಾದರೆ ದರವೂ ಎರಡರಷ್ಟು. ಗುರುತಿಲ್ಲದವನೊಬ್ಬ ಕೋಳಿ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳಿ ಬರೆದರೆ, ಕೇಳಿಸಿಕೊಂಡವನೇ ದುಡ್ಡು ತೆರಬೇಕು. ರೋಲೆಂಡ್ ಹಿಲ್ ಹಟ ಹಿಡಿದು ಇದನ್ನು ಬದಲಾಯಿಸಿದ. ಅರ್ಧ ಔನ್ಸಿನ ಒಳಗಿದ್ದರೆ ಒಂದು ಪೆನ್ನಿ, ದೇಶದೊಳಗೆ ಎಲ್ಲಿಗಾದರೂ, ಕಳಿಸುವವರೇ ಕೊಡಬೇಕು. ನಮ್ಮಲ್ಲಿ ಹದಿನಾಲ್ಕು ವರ್ಷದ ಮೇಲೆ, 1854ರಲ್ಲಿ, ಅರ್ಧ ಆಣೆಯ ಅಂಚೆ ಬಂತು. ಆ ಕಾಲದ ಜೀವವಿಜ್ಞಾನಕ್ಕೆ ಮೈಕ್ರೋಸ್ಕೋಪಿಗಿಂತ ಒಂದು ಪೆನ್ನಿಯ ಸ್ಟಾಂಪೇ ಜಾಸ್ತಿ ಉಪಕಾರ ಮಾಡಿತು ಅಂತ ನಾನಂತೂ ಹೇಳುತ್ತೇನೆ. ಜಗಳಕ್ಕೆ ಬರುವವರು ಕೊನೆಗೆ ಬನ್ನಿ.

ಈ ರಾಶಿಯಲ್ಲಿ ನನಗೆ ಇಷ್ಟ ಡಾರ್ವಿನ್ ಮತ್ತು ಜೋಸೆಫ್ ಹೂಕರ್ ಕಾಗದಗಳು. ಸುಮಾರು 1,400 ಇವೆ. ಹೂಕರ್ ಸಸ್ಯಶಾಸ್ತ್ರಿ, ಆಮೇಲೆ ಲಂಡನ್ನಿನ ಕ್ಯೂ ಸಸ್ಯತೋಟದ ನಿರ್ದೇಶಕನಾದ. 1844ರ ಜನವರಿಯಲ್ಲಿ ಡಾರ್ವಿನ್ ಅವನಿಗೆ ಬರೆದ, ಜೀವಜಾತಿಗಳು ಬದಲಾಗದೆ ಇರುವಂಥವಲ್ಲ ಅಂತ ನನಗೆ ಹೆಚ್ಚುಕಮ್ಮಿ ಖಾತ್ರಿಯಾಗಿದೆ, ಹೀಗೆ ಹೇಳುವುದು ಕೊಲೆ ಒಪ್ಪಿಕೊಂಡ ಹಾಗೆ ಅನಿಸುತ್ತದೆ ಅಂತ. ಇಬ್ಬರ ಕಾಗದ ಶುರುವಾಗಿ ಆಗ ಎರಡು ತಿಂಗಳು ಅಷ್ಟೇ! ಹೂಕರ್ ಬೆಚ್ಚಲಿಲ್ಲ. ನಿಧಾನಕ್ಕೆ ಬದಲಾಗಿರಬಹುದು, ಹೇಗೆ ಅಂತ ನೀವು ಹೇಳಿದರೆ ಕೇಳೋಣ ಅಂತ ಬರೆದ. ಸಭೆಯಲ್ಲಿ ನಿಂತು ಹೇಳಲಾಗದ ಮಾತನ್ನು ಒಬ್ಬ ಗೆಳೆಯನಿಗೆ ಬರೆದು, ಅವನ ಮುಖ ಹೇಗಾಗುತ್ತದೆ ಅಂತ ನೋಡುವುದು. ಕಾಗದಕ್ಕೆ ಆ ಅನುಕೂಲ ಇತ್ತು.

1855ರಲ್ಲಿ ಇನ್ನೊಂದು ತಮಾಷೆ ನಡೆಯಿತು. ಸಮುದ್ರದ ನಡುವಿನ ದ್ವೀಪಗಳಿಗೆ ಗಿಡಗಳು ಹೋಗಿದ್ದು ಹೇಗೆ ಅನ್ನುವುದು ಪ್ರಶ್ನೆ. ಬೀಜ ತೇಲಿಕೊಂಡು ಹೋಗಿರಬೇಕು ಅಂತ ಡಾರ್ವಿನ್. ಉಪ್ಪುನೀರಲ್ಲಿ ಬೀಜ ಸತ್ತೇ ಹೋಗುತ್ತದೆ ಅನ್ನುವುದು ಹೂಕರ್‌ನಂಥವರ ಅನುಮಾನ. ಸರಿ, ಮನೆ ತುಂಬ ಉಪ್ಪುನೀರಿನ ಬಾಟಲಿಗಳು. ವಾರಗಟ್ಟಲೆ ನೆನೆಸಿಟ್ಟ ಬೀಜ ಮೊಳಕೆ ಒಡೆದವು. ಡಾರ್ವಿನ್ ಮಕ್ಕಳು ತಮ್ಮಪ್ಪನನ್ನು ಕೇಳುತ್ತಿದ್ದರು, "ಡಾಕ್ಟರ್ ಹೂಕರ್‌ನ ಸೋಲಿಸ್ತೀಯಾ?" ಅಂತ. ಆಮೇಲೆ ಗೊತ್ತಾಯಿತು, ಬೀಜ ಮೊಳೆಯುವುದೇನೋ ನಿಜ, ಆದರೆ ನೀರಲ್ಲಿ ಮುಳುಗಿಬಿಡುತ್ತವೆ. ಮುಳುಗಿದ ಬೀಜ ದ್ವೀಪಕ್ಕೆ ಹೋಗುವುದು ಹೇಗೆ? ಈ ಕೃತಘ್ನ ಪೋಕರಿಗಳನ್ನು ಸುಮ್ನೆ ಉಪ್ಪು ಹಾಕಿ ಸಾಕಿದೆ ಅನ್ನುವ ಧಾಟಿಯಲ್ಲಿ ಹೂಕರ್‌ಗೇ ಬರೆದುಕೊಂಡ. ಸೋತದ್ದನ್ನು ಎದುರಾಳಿಗೇ ಬರೆಯುವುದು! ಒಣಗಿಸಿದ ಬೀಜ ಜಾಸ್ತಿ ದಿನ ತೇಲುತ್ತವೆ ಅಂತ ಆಮೇಲೆ ತಿಳಿಯಿತು. ಪುಸ್ತಕದಲ್ಲಿ ಲೆಕ್ಕ ಮಾತ್ರ ಇದೆ, 87 ಬಗೆಯ ಬೀಜದಲ್ಲಿ 64 ಬಗೆಯವು 28 ದಿನ ಉಪ್ಪುನೀರಲ್ಲಿದ್ದೂ ಮೊಳೆತವು ಅಂತ. ಪೇಚಾಟ ಉಳಿದಿರುವುದು ಕಾಗದದಲ್ಲಿ.

ವಾಲೇಸ್ ಕತೆ ನಿಮಗೆ ಗೊತ್ತಿರುತ್ತದೆ, ಬೇಗ ಹೇಳಿಬಿಡುತ್ತೇನೆ. ಆಲ್ಫ್ರೆಡ್ ವಾಲೇಸ್ ಈಗಿನ ಇಂಡೋನೇಷ್ಯಾದ ದ್ವೀಪಗಳಲ್ಲಿ ಹಕ್ಕಿ, ಚಿಟ್ಟೆ ಹಿಡಿದು ಮಾರಿ ಬದುಕುತ್ತಿದ್ದವನು. ಇವನ ಲೇಖನ ಓದಿದಿರಾ, ಚೆನ್ನಾಗಿದೆ ಅಂತ 1855ರ ಡಿಸೆಂಬರ್‌ನಲ್ಲೇ ಕಲ್ಕತ್ತೆಯಿಂದ ಪ್ರಾಣಿಶಾಸ್ತ್ರಿ ಎಡ್ವರ್ಡ್ ಬ್ಲೈತ್ ಡಾರ್ವಿನ್‌ಗೆ ಬರೆದಿದ್ದ. ಡಾರ್ವಿನ್ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1858ರ ಜೂನ್‌ನಲ್ಲಿ ವಾಲೇಸ್‌ನದೇ ಕಾಗದ ಬಂತು, ಜೊತೆಗೊಂದು ಪ್ರಬಂಧ, ಭೂವಿಜ್ಞಾನಿ ಲಯೆಲ್‌ಗೆ ತೋರಿಸಿ ಅಂತ. ಅದರಲ್ಲಿದ್ದದ್ದು ಡಾರ್ವಿನ್ ಇಪ್ಪತ್ತು ವರ್ಷದಿಂದ ಬಚ್ಚಿಟ್ಟುಕೊಂಡಿದ್ದ ವಿಚಾರವೇ, ನಿಸರ್ಗದ ಆಯ್ಕೆಯಿಂದ ಜೀವಜಾತಿಗಳು ಬದಲಾಗುತ್ತವೆ ಅನ್ನುವುದು. ಅದೇ ಹೊತ್ತಿಗೆ ಮನೆಯಲ್ಲಿ ಜ್ವರ. ಜೂನ್ 28ಕ್ಕೆ ಎರಡು ವರ್ಷವೂ ತುಂಬದ ಮಗ ತೀರಿಕೊಂಡ. ಹೂಕರ್, ಲಯೆಲ್ ಸೇರಿ ಜುಲೈ 1ಕ್ಕೆ ಲಂಡನ್ನಿನ ವಿಜ್ಞಾನಿಗಳ ಸಂಘ ಲಿನಿಯನ್ ಸೊಸೈಟಿಯಲ್ಲಿ ಇಬ್ಬರದ್ದನ್ನೂ ಒಟ್ಟಿಗೆ ಓದಿಸಿದರು. ಡಾರ್ವಿನ್ ಮೊದಲೇ ಯೋಚಿಸಿದ್ದ ಅನ್ನುವುದಕ್ಕೆ ತೋರಿಸಿದ್ದರಲ್ಲಿ ಒಂದು, ಹಿಂದಿನ ವರ್ಷ ಅವನು ಅಮೆರಿಕದ ಸಸ್ಯಶಾಸ್ತ್ರಿ ಏಸಾ ಗ್ರೇಗೆ ಬರೆದಿದ್ದ ಕಾಗದದ ನಕಲು. ಕಾಗದ ಸಾಕ್ಷಿಯೂ ಆಯಿತು. ವಾಲೇಸ್‌ನ ಒಪ್ಪಿಗೆ ಕೇಳಲೇ ಇಲ್ಲ. ಕೇಳಿದ್ದರೆ ಉತ್ತರ ಬರಲಿಕ್ಕೆ ತಿಂಗಳುಗಟ್ಟಲೆ ಆಗುತ್ತಿತ್ತು, ನಿಜ. ಆದರೂ ಕಾಯಬಹುದಿತ್ತು ಅಂತ ನನ್ನ ಅನಿಸಿಕೆ. ವಾಲೇಸ್ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ, ಸಂತೋಷವೇ ಪಟ್ಟ. ಪ್ರಬಂಧದ ಜೊತೆ ಬಂದ ಅವನ ಆ ಕಾಗದ ಈಗ ಇಲ್ಲ, ಲಕೋಟೆಯೂ ಇಲ್ಲ. ಹಾಗಾಗಿ ಅದು ನಿಜವಾಗಿ ಯಾವ ದಿನ ಬಂತು ಅಂತ ಜನ ಹಡಗಿನ ವೇಳಾಪಟ್ಟಿ ಹಿಡಿದುಕೊಂಡು ಇನ್ನೂ ಜಗಳ ಆಡುತ್ತಾರೆ.

ಈಗ ಗ್ರೆಗರ್ ಮೆಂಡೆಲ್, ಬಟಾಣಿ ಗಿಡ ಬೆಳೆದು ಎಣಿಸಿ, ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಲೆಕ್ಕ ಕಂಡುಹಿಡಿದವನು. ಡಾರ್ವಿನ್‌ಗೆ 2,000 ಜನ ಅಂದೆನಲ್ಲ, ಈ ಸನ್ಯಾಸಿಗೆ ವಿಜ್ಞಾನದ ಮಾತಾಡಲು ಸಿಕ್ಕಿದ್ದು ಹೆಚ್ಚುಕಮ್ಮಿ ಒಬ್ಬನೇ. ಮ್ಯೂನಿಕ್‌ನ ಪ್ರೊಫೆಸರ್ ಕಾರ್ಲ್ ನೇಗೆಲಿ. 1866ರ ಡಿಸೆಂಬರ್ 31ಕ್ಕೆ ಮೆಂಡೆಲ್ ತನ್ನ ಬಟಾಣಿ ಲೇಖನ ಇಟ್ಟು ಮೊದಲ ಕಾಗದ ಬರೆದ. ಎರಡು ತಿಂಗಳ ಮೇಲೆ ಉತ್ತರ ಬಂತು, ಅಷ್ಟೇನೂ ಉತ್ಸಾಹ ಇಲ್ಲದ್ದು. ಮೆಂಡೆಲ್ ಬಿಡಲಿಲ್ಲ. ನೀವೇ ಬೆಳೆದು ನೋಡಿ ಅಂತ 140 ಪೊಟ್ಟಣ ಬಟಾಣಿ ಬೀಜ ಕಳಿಸಿದ!

ನೇಗೆಲಿಗೆ ಮೋಹ ಇದ್ದದ್ದು ಹಾಕ್‌ವೀಡ್ ಅನ್ನುವ ಗಿಡದ ಮೇಲೆ, ಹಳದಿ ಹೂವಿನದ್ದು. ಮೆಂಡೆಲ್ ಕೂಡ ಅದರ ಹಿಂದೆ ಬಿದ್ದ. ಅದರ ಹೂವು ತೀರಾ ಸಣ್ಣದು. ಕನ್ನಡಿ, ಮಸೂರ ಇಟ್ಟು ಬೆಳಕು ಬಿಟ್ಟುಕೊಂಡು ಕೆಲಸ ಮಾಡಿ ಕಣ್ಣು ಸೋತುಹೋಯಿತು. ಆದರೆ ಆ ಗಿಡ ಬಹಳಷ್ಟು ಸಲ ಪರಾಗದ ಹಂಗಿಲ್ಲದೆ, ತಾಯಿಯ ನಕಲನ್ನೇ ಬೀಜವಾಗಿ ಕಟ್ಟುತ್ತದೆ. ಆಗ ಇದು ಯಾರಿಗೂ ಗೊತ್ತಿರಲಿಲ್ಲ. ಬಟಾಣಿಯ ಲೆಕ್ಕ ಅಲ್ಲಿ ಕೂಡಲೇ ಇಲ್ಲ. ಒಬ್ಬನಿಗೇ ಬರೆಯುತ್ತಿದ್ದರೆ ಅವನ ಗಿಡವೇ ನಿಮ್ಮ ಗಿಡವೂ ಆಗಿಬಿಡುತ್ತದೆ. ಊರಿಗೊಬ್ಬ ಮಾಲಿಗೆ ಬರೆದಿದ್ದರೆ, ಯಾರಾದರೊಬ್ಬ ಬಟಾಣಿ ಬಿತ್ತಿ ಎಣಿಸುತ್ತಿದ್ದನೇನೋ.

ಮೆಂಡೆಲ್ ಬರೆದ ಹತ್ತು ಕಾಗದ ನೇಗೆಲಿಯ ಕಡತದಲ್ಲಿ ಉಳಿದವು. ನೇಗೆಲಿಯ ಶಿಷ್ಯ ಕಾರ್ಲ್ ಕೊರೆನ್ಸ್ ಅವನ್ನು 1905ರಲ್ಲಿ ಅಚ್ಚು ಹಾಕಿಸಿದ. ಕೊನೆಯದು 1873ರ ನವೆಂಬರ್‌ನದ್ದು. ಅಷ್ಟರಲ್ಲಿ ಮೆಂಡೆಲ್ ಮಠಾಧಿಪತಿಯಾಗಿ ಐದು ವರ್ಷ ಆಗಿತ್ತು, ಬರೀ ಆಡಳಿತದ ಕೆಲಸ. ಈ ವರ್ಷವೂ ಹಾಕ್‌ವೀಡ್ ಹೂಬಿಟ್ಟು ಬಾಡಿಹೋದವು, ಒಂದೆರಡು ಸಲ ಅವಸರದಲ್ಲಿ ಹೋಗಿ ನೋಡಿದ್ದಷ್ಟೇ ಅಂತ ಬರೆಯುತ್ತಾನೆ. ಗಿಡಗಳನ್ನೂ ಜೇನುಹುಳುಗಳನ್ನೂ ಹೀಗೆ ಪೂರಾ ಕೈಬಿಡಬೇಕಾಗಿದೆ, ನಿಜವಾಗಿ ಸಂಕಟವಾಗುತ್ತದೆ ಅಂತ.