ಬದನೆಕಾಯಿ ಯಾಕೆ ಕಪ್ಪು?

ಕೇಳುಗರಿಗೆಲ್ಲ ನಮಸ್ಕಾರ.

ಮೊನ್ನೆ ಸಂತೆಯಿಂದ ಬದನೆಕಾಯಿ ತಂದಿದ್ದೆ. ಮಿರಮಿರ ಮಿಂಚುವ ಕಾಡಿಗೆ ಕಪ್ಪು. ಹೆಚ್ಚುವ ಮುಂಚೆ ಸುಮ್ನೆ ತೊಟ್ಟಿನ ಟೊಪ್ಪಿಗೆ ಎತ್ತಿ ನೋಡಿದೆ. ಅಡಿಯಲ್ಲಿ ತಿಳಿ ಹಸಿರು! ಕಪ್ಪು ಎಲ್ಲಿ ಹೋಯಿತು? ಅದು ಅಲ್ಲಿಗೆ ಬಂದೇ ಇರಲಿಲ್ಲ.

ಬದನೆ ಸಿಪ್ಪೆಯಲ್ಲಿ ಆಂಥೋಸಯಾನಿನ್ ಅನ್ನುವ ನೇರಳೆ ಬಣ್ಣ ಇರುತ್ತದೆ. ಎಷ್ಟೋ ತಳಿಗಳಲ್ಲಿ ಅದು ಕಟ್ಟಬೇಕಾದರೆ ಚೆನ್ನಾಗಿ ಬೆಳಕು ಬೀಳಬೇಕು. ಟೊಪ್ಪಿಗೆಯ ನೆರಳಲ್ಲಿ ಅಷ್ಟು ಬೆಳಕಿಲ್ಲ. ಅಲ್ಲಿ ಬೆಳ್ಳಗಿರುವ ಕಾಯಿ ಸಾಮಾನ್ಯವಾಗಿ ನೇರಳೆಯಾಗೇ ಕಾಣುತ್ತದೆ. ಹಸಿರಿದ್ದರೆ ಕಪ್ಪಾಗುತ್ತದೆ.

ಹಸಿರಿಗೂ ಕಪ್ಪಿಗೂ ಏನು ನಂಟು? ಬಿಸಿಲಲ್ಲಿ ಎಲ್ಲ ಬಣ್ಣಗಳೂ ಇವೆ, ಅಲ್ವಾ? ಕಾಯಿಯ ಹಸಿರೂ ಎಲೆಯಲ್ಲಿರುವ ಪತ್ರಹರಿತ್ತೇ. ಅದು ಬಿಸಿಲಿನ ಕೆಂಪು, ನೀಲಿಯನ್ನು ನುಂಗಿ ಹಸಿರನ್ನು ಬಿಡುತ್ತದೆ. ಆಂಥೋಸಯಾನಿನ್‌ಗೆ ಆ ಹಸಿರೇ ಇಷ್ಟ. ಒಂದು ಬಿಟ್ಟಿದ್ದನ್ನು ಇನ್ನೊಂದು ತಿಂದು ಮುಗಿಸುತ್ತದೆ. ನಮ್ಮ ಕಣ್ಣಿಗೆ ವಾಪಸ್ ಬರಲು ಹೆಚ್ಚೇನೂ ಉಳಿಯುವುದಿಲ್ಲ. ಅದನ್ನೇ ನಾವು ಕಪ್ಪು ಅನ್ನುತ್ತೇವೆ. ಉಡುಪಿಯ ಮಟ್ಟುಗುಳ್ಳದಲ್ಲಿ ಈ ನೇರಳೆ ಇಲ್ಲ, ಅದಕ್ಕೇ ಅದು ಹಸಿರಾಗಿ ಉಳಿದಿದೆ.

ಕತ್ತರಿಸಿದ ಬದನೆ ಕಪ್ಪಾಗುವುದು ಬೇರೆ ಕಥೆ. ಅದು ಗಾಳಿ ತಗುಲಿ ಆಗುವ ಕೆಲಸ. ಅದಕ್ಕೇ ನಾವು ಹೋಳನ್ನು ನೀರಿಗೆ ಹಾಕುವುದು.

ಬದನೆ ಸಿಪ್ಪೆಯ ಆಂಥೋಸಯಾನಿನ್‌ಗಳಲ್ಲಿ ಒಂದಕ್ಕೆ ನಾಸುನಿನ್ ಅಂತ ಹೆಸರು. ಜಪಾನಿನಲ್ಲಿ ಬದನೆಗೆ ನಾಸು ಅನ್ನುತ್ತಾರೆ. ಅಲ್ಲಿ 1913ರಲ್ಲಿ ಮೊದಲ ಬಾರಿಗೆ ಮೂವರು ಹೆಂಗಸರು ತೊಹೊಕು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದರು. ಅವರಲ್ಲಿ ಒಬ್ಬರು ಚಿಕಾ ಕುರೋಡಾ. ಮುಂದೆ ರಸಾಯನ ವಿಜ್ಞಾನಿಯಾಗಿ ಈ ನಾಸುನಿನ್ ಬೆನ್ನು ಹತ್ತಿದವರು ಅವರೇ. ಅಡುಗೆಮನೆಯ ತರಕಾರಿಯನ್ನೇ ಪ್ರಯೋಗಾಲಯಕ್ಕೆ ಒಯ್ದರು ನೋಡಿ, ನನಗೆ ಅದು ತುಂಬಾ ಹಿಡಿಸಿತು.

ನೇರಳೆ ಹಣ್ಣಿನ ಕಪ್ಪೂ ಇದೇ ಜಾತಿಯದು. ದಟ್ಟವಾಗಿ ತುಂಬಿಕೊಂಡ ಆಂಥೋಸಯಾನಿನ್. ಹಣ್ಣು ಕಪ್ಪಗಿದ್ದರೂ ತಿಂದ ಮೇಲೆ ನಾಲಿಗೆ ನೇರಳೆಯಾಗುವುದು ಅದಕ್ಕೇ. ಬಣ್ಣ ನೀರಲ್ಲಿ ತೆಳುವಾದರೆ ಗುಟ್ಟು ರಟ್ಟು.

ಈ ಬಣ್ಣ ಭಾರೀ ಚಂಚಲ. ಹುಳಿ ಬಿದ್ದರೆ ಕೆಂಪು, ಸಾಬೂನು ಸೋಕಿದರೆ ನೀಲಿ. ಒಮ್ಮೆ ನನ್ನ ಬಿಳಿ ಅಂಗಿ ಮೇಲೆ ನೇರಳೆ ಹಣ್ಣು ಬಿತ್ತು. ಗಾಬರಿಯಲ್ಲಿ ಸಾಬೂನು ಉಜ್ಜಿದೆ, ಕಲೆ ನೀಲಿಯಾಯಿತು. ನಿಂಬೆಹಣ್ಣು ಹಿಂಡಿದೆ, ಕೆಂಪಾಯಿತು. ಬಣ್ಣಗಳನ್ನೆಲ್ಲ ತೋರಿಸಿತೇ ಹೊರತು ಕಲೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಆ ಅಂಗಿ ಈಗ ಕಿಟಕಿ ಒರೆಸುವ ಬಟ್ಟೆ.

ನಮಸ್ಕಾರ.