ಅಲ್ಯೂಮಿನಿಯಂ ಸೈಕಲ್ ಒರಟು ಅಂತಾರಲ್ಲ, ತಪ್ಪು ಯಾರದ್ದು?

[ದೃಶ್ಯ: ಪಕ್ಕಪಕ್ಕ ಎರಡು ಫ್ರೇಮ್. ಒಂದರ ಪೈಪ್ ಸಪೂರ, ಇನ್ನೊಂದರದ್ದು ದಪ್ಪ]

ಸ್ಟೀಲ್ ಮೆತ್ತಗೆ, ಅಲ್ಯೂಮಿನಿಯಂ ಒರಟು. ಸೈಕಲ್ ಕೊಳ್ಳೋಕೆ ಹೊರಟವರ ಕಿವಿಗೆ ಈ ಮಾತು ಬಿದ್ದೇ ಇರುತ್ತೆ. ಲೋಹಗಳನ್ನಷ್ಟೇ ನೋಡಿದರೆ ಲೆಕ್ಕ ಉಲ್ಟಾ! ಸ್ಟೀಲ್‌ನ ಬಿಗಿತ ಸುಮಾರು 200 ಗಿಗಾಪಾಸ್ಕಲ್ (ಬಿಗಿತ ಅಳೆಯೋ ಮಾನ, ಹೆಚ್ಚಿದ್ದಷ್ಟೂ ಬಾಗೋದು ಕಷ್ಟ), ಟೈಟಾನಿಯಂದು 105ರ ಆಸುಪಾಸು, ಅಲ್ಯೂಮಿನಿಯಂದು ಬರೀ 70. ಮೂರರಲ್ಲಿ ಸುಲಭವಾಗಿ ಬಾಗೋದೇ ಅಲ್ಯೂಮಿನಿಯಂ.

ಆಟ ಇರೋದು ಪೈಪಿನ ವ್ಯಾಸದಲ್ಲಿ. ಗೋಡೆಯ ದಪ್ಪ ಅಷ್ಟೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿ, ಬಿಗಿತ ಹೆಚ್ಚುಕಮ್ಮಿ ಎಂಟು ಪಟ್ಟಾಗುತ್ತೆ.

[ದೃಶ್ಯ: ಕತ್ತರಿಸಿದ ಎರಡು ಪೈಪ್‌ಗಳ ಬಾಯಿ, ಕ್ಯಾಲಿಪರ್‌ನಲ್ಲಿ ಅಳತೆ]

ಇದು 28.6 ಮಿ.ಮೀ. ಸ್ಟೀಲ್ ಪೈಪ್, ಗೋಡೆ 0.8. ಪಕ್ಕದ್ದು 40 ಮಿ.ಮೀ. ಅಲ್ಯೂಮಿನಿಯಂ, ಗೋಡೆ 1.2. ಎರಡನೆಯದು ಕಾಲುಭಾಗಕ್ಕಿಂತ ಹೆಚ್ಚು ಹಗುರ, ಆದರೂ ಬಿಗಿತ ಸುಮಾರು 40 ಶೇಕಡಾ ಜಾಸ್ತಿ. ಪೈಪ್ ದಪ್ಪ ಮಾಡೋಕೆ ಇನ್ನೊಂದು ಕಾರಣ ಲೋಹದ ದಣಿವು. ಪದೇ ಪದೇ ಬಾಗಿದರೆ ಅಲ್ಯೂಮಿನಿಯಂ ಒಂದಲ್ಲ ಒಂದು ದಿನ ಬಿರುಕು ಬಿಡುತ್ತೆ, ಹಾಗಾಗಿ ಬಾಗದಂತೆ ಕಟ್ಟಬೇಕು. ಫ್ರಾನ್ಸಿನ ಹಳೆಯ ವಿಟಸ್ 979 ಸಪೂರ ಪೈಪಿನ ಅಲ್ಯೂಮಿನಿಯಂ ಫ್ರೇಮ್. ಅದು ಬಳುಕುತ್ತೆ ಅನ್ನೋದೇ ಸವಾರರ ದೂರಾಗಿತ್ತು.

ಕಾರ್ಬನ್ ನಾರಿನ ಫ್ರೇಮ್? ನಾರಿನ ಪದರಗಳನ್ನು ಯಾವ ದಿಕ್ಕಿಗೆ ಹಾಸಿದ್ದಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಬರೀ ಹೆಸರು ನೋಡಿ ಏನೂ ಹೇಳೋಕಾಗಲ್ಲ.

[ದೃಶ್ಯ: ಗುಂಡಿ ಹಾರುವ ಚಕ್ರ, ನಿಧಾನಗತಿಯಲ್ಲಿ]

ಇಲ್ಲಿ ಟೈರ್ ನೋಡಿ, ಹಲವು ಮಿ.ಮೀ. ಅದುಮಿಕೊಳ್ತಿದೆ. ತ್ರಿಕೋನಗಳಿಂದ ಕಟ್ಟಿದ ಫ್ರೇಮ್ ಮೇಲೆ-ಕೆಳಗೆ ಅಲ್ಲಾಡೋದು ಅದರ ಮುಂದೆ ಲೆಕ್ಕಕ್ಕಿಲ್ಲ. ಫ್ರೇಮಿನ ವ್ಯತ್ಯಾಸ ಗೊತ್ತಾಗೋದು ಎದ್ದುನಿಂತು ಜೋರಾಗಿ ತುಳಿದಾಗ, ಪೆಡಲ್ ಹತ್ತಿರ ಅಡ್ಡಡ್ಡ ತಿರುಚಿದಾಗ.

ಎರಡು ಸೈಕಲ್ ಹೋಲಿಸೋದಾದರೆ ಮೊದಲು ಒಂದೇ ಜೋಡಿ ಚಕ್ರ ಎರಡಕ್ಕೂ ಹಾಕಿ, ಗಾಳಿಯೂ ಅಷ್ಟೇ ಇರಲಿ. ಇಲ್ಲದಿದ್ದರೆ ನೀವು ಹೋಲಿಸ್ತಿರೋದು ಟೈರ್‌ಗಳನ್ನ.

ಒರಟು ಅನಿಸಿದರೆ ಟೈರ್ ಗಾಳಿಯನ್ನ 5 ಪಿಎಸ್ಐಯಂತೆ (ಪಂಪ್ ಮೀಟರ್ ತೋರಿಸೋ ಒತ್ತಡದ ಮಾನ) ಇಳಿಸುತ್ತಾ ಬನ್ನಿ. ಭಾರ ಹೆಚ್ಚು ಬೀಳೋದು ಹಿಂದಿನ ಚಕ್ರಕ್ಕೆ, ಆದ್ದರಿಂದ ಮುಂದೆ ಸ್ವಲ್ಪ ಕಮ್ಮಿಯೇ ಇರಲಿ. ತಿರುವಿನಲ್ಲಿ ಟೈರ್ ಓಲಾಡಿದರೆ ಅಥವಾ ಗುಂಡಿಯಲ್ಲಿ ರಿಮ್ ಬಡಿದರೆ ಅತಿಯಾಯ್ತು ಅಂತ ಅರ್ಥ. ಟ್ಯೂಬ್ ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತಾಗುತ್ತೆ.

ಆಮೇಲೂ ಸಾಲದಿದ್ದರೆ ಸೀಟ್‌ಪೋಸ್ಟ್, ಅಂದರೆ ಸೀಟ್ ಹೊತ್ತ ಕಂಬ, ಬದಲಿಸಿ. ಫ್ರೇಮ್ ಒಪ್ಪಿದರೆ 27.2 ಮಿ.ಮೀ. ಕಾರ್ಬನ್ ಒಳ್ಳೇದು, ಹೊರಗೆ ಉದ್ದ ಇದ್ದಷ್ಟೂ ಬಾಗುತ್ತೆ. ಅದಕ್ಕೆ ಗ್ರೀಸ್ ಬೇಡ, ಜಾರದಂತೆ ಹಿಡಿಯೋ ಕಾರ್ಬನ್ ಪೇಸ್ಟ್ ಹಚ್ಚಿ. ಅದನ್ನ ಬಿಗಿಯೋ ಕ್ಲಾಂಪ್ ಮೇಲೆ ಅಚ್ಚಾಗಿರುವ ಟಾರ್ಕ್ (ಬೋಲ್ಟ್ ತಿರುಗಿಸೋ ಬಲ) ದಾಟಬೇಡಿ. ಕಂಬ ಎಷ್ಟಾದರೂ ಒಳಗಿರಲೇಬೇಕು ಅಂತ ತೋರಿಸೋ ಕನಿಷ್ಠ ಗೆರೆ ಫ್ರೇಮಿನ ಒಳಗೇ ಇರಬೇಕು.